ನಿಲ್ದಾಣವಿಲ್ಲದ ಏಸಿ

ಗಂಟಲಪ್ಪನ ಮನೆಯ ಏಸಿಗೆ ಓಡುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ. ಬೇಸಿಗೆ ಶುರುವಾದಾಗಿನಿಂದ ದಿಬ್ಬ ಹತ್ತುವ ರೈಲಿನಂತೆ ಅದು ಗೊರಗುಟ್ಟುತ್ತಲೇ ಇತ್ತು. ಕೋಣೆ ಮಾತ್ರ ತಣ್ಣಗಾಗುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ಇವತ್ತು ನಾಲ್ಕು ಗಂಟೆಗೆ ಧ್ವನಿಪರೀಕ್ಷೆ. ರೈಲು ನಿಲ್ದಾಣದ ಮೈಕಿನಲ್ಲಿ, ಗಾಡಿ ಬಂತು, ಗಾಡಿ ತಡ ಎಂದು ಹೇಳುವ ಕೆಲಸ. ಬಾಲ್ಯದಿಂದ ಅವನು ಕನಸು ಕಂಡದ್ದು ಅದೊಂದನ್ನೇ. ಆ ಕಂಠದಿಂದಲೇ ಬೀದಿಯವರು ಅವನಿಗೆ ಗಂಟಲಪ್ಪ ಎಂದು ಹೆಸರಿಟ್ಟಿದ್ದರು. ಪರೀಕ್ಷೆ ಫೋನಿನ ಪರದೆಯಲ್ಲಿ. ಮೈಮೇಲೆ ಬಿಳಿ ಶರ್ಟೋ ಕೋಟೋ ಇರಲೇಬೇಕು, ಹಿನ್ನೆಲೆಯಲ್ಲಿ ಸದ್ದು ಇರಲೇಬಾರದು. ಏಸಿ ಆರಿಸಿದರೆ ಕೋಣೆ ಕಾದ ಬಾಣಲೆ. ಕಿಟಕಿ ತೆರೆದರೆ ಕೆಳಗಿನ ಗ್ಯಾರೇಜಿನ ಸುತ್ತಿಗೆ.

"ಶರ್ಟಿನ ಚಿಂತೆ ನಂಗೆ ಬಿಡಿ, ಒಗೆದಾಗಿದೆ. ಬಂದು ಇಸ್ತ್ರಿ ಮಾಡ್ಕೊಡ್ತೀನಿ. ನೀವು ಆ ಏಸಿ ಬಾಯಿ ಮುಚ್ಸಿ" ಎಂದು ಹೇಳಿ ಹೆಂಡತಿ ಕೆಲಸಕ್ಕೆ ಹೋದಳು.

ಅವನು ಸ್ಟೂಲು ಹತ್ತುವಷ್ಟರಲ್ಲಿ ಪಕ್ಕದ ಮನೆ ಮೇಷ್ಟ್ರು ಹಾಜರ್.

"ಎಷ್ಟಕ್ಕಿಟ್ಟಿದ್ದೀಯೋ?"

"ಇಪ್ಪತ್ನಾಲ್ಕು, ಮೇಷ್ಟ್ರೇ."

"ಅದೇ ತಪ್ಪು! ದಡ್ಡ ಹುಡುಗನ್ನ ಮೊದಲ ದರ್ಜೆ ತಗೋ ಅಂದ್ರೆ ರಾತ್ರಿಯಿಡೀ ಓದ್ತಾ ಕೂರ್ತಾನೆ. ಪಾಸಾಗು ಸಾಕು ಅನ್ನು. ಇಪ್ಪತ್ತಾರಕ್ಕಿಡು."

ಇಟ್ಟ. ದಡ್ಡ ಹುಡುಗ ಓದು ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಮೇಲ್ಮನೆ ಅಜ್ಜಿ, ಗಂಟಲಿಗೆ ಒಳ್ಳೆಯದೆಂದು ಒಂದು ಚೊಂಬು ಬಿಸಿನೀರು ಹಿಡಿದು, ಕನ್ನಡಕ ಮರೆತು, ಗೋಡೆ ಸವರಿಕೊಂಡು ಇಳಿದು ಬಂದರು. ಬಂದವರು ಬಾಗಿಲು ಹಾಕಲಿಲ್ಲ.

"ಅಜ್ಜೀ, ಬಾಗಿಲು!"

"ಅಯ್ಯೋ ಕಂದಾ, ಕಿರುಚಬೇಡ. ಸಂಜೆಗೆ ಒಂಚೂರು ಧ್ವನಿ ಉಳಿಸ್ಕೋ."

ಬಾಗಿಲು ಮುಚ್ಚಿದರೂ ಏಸಿ ನಿಲ್ಲಲಿಲ್ಲ. ಕೊನೆಗೆ ಮುಚ್ಚಳ ಬಿಚ್ಚಿ ಜಾಲರಿ ತೆಗೆದಾಗ ಅದರ ಮೇಲಿನ ಧೂಳು ಕಂಬಳಿಯಷ್ಟು ದಪ್ಪವಿತ್ತು.

"ಸಿಕ್ಕಿಬಿದ್ದ ಕಳ್ಳ!" ಎಂದರು ಮೇಷ್ಟ್ರು.

"ಒಂದು ಒದ್ದೆ ಬಟ್ಟೆ ಕೊಡಿ ಯಾರಾದ್ರೂ" ಎಂದು ಗಂಟಲಪ್ಪ ಸ್ಟೂಲಿನ ಮೇಲಿಂದಲೇ ಕೈ ಚಾಚಿದ.

ಅಜ್ಜಿ ಅಡುಗೆಮನೆಗೆ ಹೋಗಿ, ಕಿಟಕಿಯಾಚೆ ತಡಕಾಡಿ ಬಂದರು. "ಇಲ್ಲೇ ಒದ್ದೆ ಬಟ್ಟೆ ಬಿದ್ದಿತ್ತು ನೋಡು. ದುಪ್ಪಟಿ ಬಕೆಟ್ಟಿಗೆ ಹಾಕ್ದೆ, ಈ ಸಣ್ಣದು ತಗೋ."

ತಿರುಗಿಯೂ ನೋಡದೆ ಗಂಟಲಪ್ಪ ಮುದ್ದೆಯಾಗಿದ್ದ ಆ ಬಟ್ಟೆಯಿಂದ ಜಾಲರಿ ಒರೆಸಿದ. ಮೇಷ್ಟ್ರು ಅದರಲ್ಲೇ ಏಸಿಯ ರೆಕ್ಕೆ ಒರೆಸಿದರು. ಅಜ್ಜಿ ಸ್ಟೂಲಿನ ಮೇಲಿನ ಹೆಜ್ಜೆಗುರುತು ಒರೆಸಿದರು. ಎಲ್ಲ ಜೋಡಿಸಿ ಏಸಿ ಹಾಕಿದರು. ಕೋಣೆ ತಂಪಾಗುತ್ತ ಬಂತು. ಮೂರು ಗಂಟೆಯ ಹೊತ್ತಿಗೆ, ಗೊರ್‌ರ್... ಟಕ್. ನಿಶ್ಶಬ್ದ!

"ಇಪ್ಪತ್ತಾರು!" ಎಂದರು ಮೇಷ್ಟ್ರು.

"ಬಾಗಿಲು!" ಎಂದರು ಅಜ್ಜಿ.

"ಜಾಲರಿ!" ಎಂದು ಗಂಟಲಪ್ಪ ಮೈಕಿನ ಧ್ವನಿಯಲ್ಲೇ ಘೋಷಿಸಿದ.

ಮೂರೂವರೆಗೆ ಹೆಂಡತಿ ಬಂದಳು, ನೇರ ಅಡುಗೆಮನೆಗೆ ಹೋದಳು, ಅಷ್ಟೇ ನೇರ ವಾಪಸು ಬಂದಳು.

"ರೀ, ಕಿಟಕಿಯಾಚೆ ಏಸಿ ಪೆಟ್ಟಿಗೆ ಮೇಲೆ ಹೊದಿಸಿದ್ದ ಬಟ್ಟೆ ಎಲ್ಲಿ?"

"ಯಾವ ಬಟ್ಟೆ?"

"ದಿನಾ ಅಲ್ಲೇ ಹರವೋದು ನಾನು. ಅದು ಊದೋ ಬಿಸಿ ಗಾಳಿಗೆ ಬೇಗ ಒಣಗುತ್ತೆ. ಇವತ್ತು ದುಪ್ಪಟಿ ಜೊತೆ ನಿಮ್ಮ ಬಿಳಿ ಶರ್ಟೂ ಹಾಕಿದ್ದೆ."

ಮೂವರೂ ಒಟ್ಟಿಗೆ ಮೂಲೆಯ ಕರಿ ಮುದ್ದೆಯನ್ನು ನೋಡಿದರು. ಅದಕ್ಕೆ ಕಾಲರ್ ಇತ್ತು. ಏಸಿ ಉಸಿರು ಕಟ್ಟಿ ಓಡುತ್ತಿದ್ದದ್ದು ಯಾಕೆಂದು ಆಗ ಎಲ್ಲರಿಗೂ ತಿಳಿಯಿತು.

"ನನ್ನ ಶರ್ಟು ಕೊಡ್ತಿದ್ದೆ ಕಣೋ, ಬಿಳೀದು ಒಂದೂ ಇಲ್ಲ" ಎಂದರು ಮೇಷ್ಟ್ರು ಮೆಲ್ಲಗೆ. ಕೊನೆಗೆ ಓಡಿಹೋಗಿ ತಮ್ಮ ಮದುವೆಯ ಉಣ್ಣೆ ಕೋಟು ತಂದರು. ಅಜ್ಜಿ ಅದರ ನುಸಿಗುಳಿಗೆ ಕೊಡವಿದರು, ಹೆಂಡತಿ ಗುಂಡಿ ಹಾಕಿದಳು. ಉಣ್ಣೆಯ ಸೆಕೆಗೆ ಮೂರನೆಯ ಗುಂಡಿಗೇ ಗಂಟಲಪ್ಪನ ಕಣ್ಣು ಮಂಜಾಯಿತು.

"ಏಸಿ... ಹದಿನಾರಕ್ಕೆ" ಎಂದು ನರಳಿದ.

ನಾಲ್ಕು ಗಂಟೆಗೆ ಪರದೆಯ ಮೇಲೆ ಪರೀಕ್ಷಕರು ಮೂಡಿದರು. ಗಂಟಲಪ್ಪ ಬೆವರೊರೆಸಿ, ಬಾಯ್ತುಂಬ ಹೇಳಿದ: "ಪ್ರಯಾಣಿಕರ ಗಮನಕ್ಕೆ..."

ತಲೆಯ ಮೇಲೆ ಏಸಿ ದಿಬ್ಬ ಹತ್ತತೊಡಗಿತ್ತು.

ಪರೀಕ್ಷಕರು ಕಿವಿಗೆ ಕೈ ಹಿಡಿದು, ಬಹಳ ಮರ್ಯಾದೆಯಿಂದ ನುಡಿದರು: "ಸ್ವಾಮಿ, ನೀವು ರೈಲಲ್ಲಿ ಕೂತಿರೋ ಹಾಗಿದೆ. ಪರವಾಗಿಲ್ಲ, ಆರಾಮಾಗಿ ಇಳ್ಕೊಳ್ಳಿ. ಮುಂದಿನ ವರ್ಷ ನೋಡೋಣ."