ಪ್ರದಕ್ಷಿಣೆ ಹಾಕುವ ಚೆಂಡು ಮತ್ತು ನನ್ನ ನಾರಿನ ಚಾಪೆ

ಮಧುಗಿರಿ ಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡವನಿಗೆ ಕ್ರಿಕೆಟ್ಟಿನ ಗೊಡವೆ ಯಾಕೆ ಎಂದು ಯಾರಾದರೂ ಕೇಳಬಹುದು. ನಾನು ಹುಡುಕಿಕೊಂಡು ಹೋದ ಗೊಡವೆಯಲ್ಲ ಅದು. ಅಂಗಡಿ ಬಾಗಿಲು ತೆರೆದಿಟ್ಟರೆ ಗಿರಾಕಿಯೂ ಬರುತ್ತಾನೆ, ಬೀದಿ ಹಸುವೂ ಬರುತ್ತದೆ, ಒಂದೊಂದು ದಿನ ಅಮಲ್ದಾರರೂ ಬರುತ್ತಾರೆ. ಮಹಾರಾಜರ ಕಾಲದಲ್ಲಿ ಇಂಥವು ನಡೆಯುತ್ತಲೇ ಇದ್ದವು. ಹಸುವನ್ನಾದರೆ ಓಡಿಸಬಹುದಿತ್ತು.

ಚಾಪೆ ಹೋದದ್ದು

ಮೈಸೂರಿನಿಂದ ವರ್ಗವಾಗಿ ಬಂದ ಹೊಸ ಅಮಲ್ದಾರರಿಗೆ ಕ್ರಿಕೆಟ್ ಹುಚ್ಚು. ಒಣಗಿದ ಕೆರೆಯಂಗಳದಲ್ಲಿ ಆಟ ಶುರುಮಾಡಿದರು. ಹೆಂಟೆಗೆ ಬಿದ್ದ ಚೆಂಡು ಒಂದು ಸಲ ಮೂಗಿಗೆ ಬಂದರೆ ಇನ್ನೊಂದು ಸಲ ಬಿದ್ದಲ್ಲೇ ಕೂರುತ್ತಿತ್ತು. ಅಂಥ ನೆಲಕ್ಕೆ ಚಾಪೆ ಹಾಸಬೇಕಂತೆ. ಹುಣಸೆಹಣ್ಣು ಹರವಲು ತಿಪಟೂರಿನಲ್ಲಿ ಹೇಳಿ ಮಾಡಿಸಿದ ಉದ್ದನೆಯ ತೆಂಗಿನ ನಾರಿನ ಚಾಪೆ ನನ್ನಲ್ಲಿತ್ತು. ಅದನ್ನು ನೋಡಿದರು, ಕೇಳಿದರು. ಅಮಲ್ದಾರರಿಗೆ ಇಲ್ಲ ಎನ್ನುವವನು ಮಂಡಿ ನಡೆಸುವ ಹಾಗಿಲ್ಲ. ದೊಡ್ಡೇರಿ ಕಡೆಯ ನನ್ನ ಗಾಡಿಯವನು ಅದನ್ನು ಸುತ್ತಿ ಗಾಡಿಗೆ ಹೇರಿದ.

ಸುಗ್ಗಿಗೆ ವಾಪಸು ಬರುತ್ತದೆಂದುಕೊಂಡಿದ್ದೆ. ಅಷ್ಟರಲ್ಲಿ ಶಿರಾದ ಪೊಲೀಸ್ ಇನ್ಸ್‌ಪೆಕ್ಟರ್ ಸಾಹೇಬರ ಜೊತೆ ಇವರು ಪಂಥ ಕಟ್ಟಿ ಬಂದರು: ಸುಗ್ಗಿಗೆ ಮುಂಚೆ ಮಧುಗಿರಿಗೂ ಶಿರಾಕ್ಕೂ ಒಂದು ಪಂದ್ಯ, ಗೆದ್ದವರಿಗೆ ಚಾಪೆ. ಚಾಪೆ ಯಾರದು ಸ್ವಾಮಿ ಎಂದು ಮೆಲ್ಲಗೆ ಕೇಳಿದೆ.

"ಶೆಟ್ರೇ, ಆಟದಲ್ಲಿ ನಂದು ನಿಂದು ಅನ್ನಬಾರದು" ಎಂದರು.

ಮಧುಗಿರಿ ಗೆಲ್ಲಲಿ ಎಂದು ದೇವರಿಗೆ ಹರಕೆ ಹೊತ್ತವನು ಇಡೀ ಊರಲ್ಲಿ ನಾನೊಬ್ಬನೇ. ಗೆಲ್ಲುವುದಕ್ಕೆ ಏನು ಮಾಡಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಆರತಿಯ ಮಣಿಕಟ್ಟು

ಒಂದು ಸಂಜೆ ಈಶ್ವರನ ಗುಡಿಯ ಅರ್ಚಕರು ಕೆರೆ ಏರಿಯ ಮೇಲೆ ಹೋಗುತ್ತಿದ್ದರು. ಚೆಂಡು ಉರುಳಿ ಅವರ ಕಾಲಬಳಿ ಬಂತು. ಒಂದು ಕೈಯಲ್ಲಿ ಉತ್ತರೀಯ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ, ಆರತಿ ಎತ್ತಿದ ಹಾಗೆ, ಮಣಿಕಟ್ಟು ತಿರುವಿ ಎಸೆದರು. ಚಾಪೆಗೆ ಬಿದ್ದ ಚೆಂಡು ಅಲ್ಲಿಂದ ಒಳಕ್ಕೆ ತಿರುಗಿ, ಅಮಲ್ದಾರರ ಬ್ಯಾಟನ್ನು ತಪ್ಪಿಸಿ ಕಡ್ಡಿ ಉರುಳಿಸಿತು. ಅಮಲ್ದಾರರು ಇನ್ನೊಮ್ಮೆ ಎಸೆಯಿರಿ ಎಂದರು. ಇನ್ನೊಮ್ಮೆಯೂ ಉರುಳಿತು.

ಅಮಲ್ದಾರರು ತೆಂಗಿನಕಾಯಿ ಹಿಡಿದು ನಮಗೆಲ್ಲ ವಿವರಿಸಿದರು. ಬೆರಳು ಕೊಟ್ಟ ಸುತ್ತನ್ನು ಚೆಂಡು ಗಾಳಿಯಲ್ಲೂ ಬಿಡುವುದಿಲ್ಲ. ನೆಲ ಮುಟ್ಟಿದಾಗ ನಾರು ಅದರ ಹೊಟ್ಟೆಯನ್ನು ಹಿಡಿಯುತ್ತದೆ. ಆಗ ಸುತ್ತು ಚೆಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಭಾರದ ಹಿತ್ತಾಳೆ ಆರತಿ ಎತ್ತಿ ಎತ್ತಿ ಅರ್ಚಕರ ಮಣಿಕಟ್ಟು ಒಳ್ಳೆ ಕೀಲಿನ ಹಾಗೆ ಸಡಿಲವಾಗಿತ್ತು. ಮೊಣಕೈ ಅಲ್ಲಾಡುತ್ತಿರಲಿಲ್ಲ, ಕೊನೆಯ ಬೆರಳು ಬಿಡುವ ತನಕ ಸುತ್ತು ಕೊಡುತ್ತಲೇ ಇದ್ದರು.

ಅಮಲ್ದಾರರಿಗೆ ಆಸೆ ಹುಟ್ಟಿತು. ಬಲಸುತ್ತು ಆಯಿತು, ಎಡಕ್ಕೂ ಒಂದು ತಿರುಗಿಸಿ ನೋಡೋಣ ಎಂದರು. ಅರ್ಚಕರು ಕೈಮುಗಿದರು.

"ಅದು ಅಪ್ರದಕ್ಷಿಣೆ ಸ್ವಾಮಿ. ಸಾವಿನ ಮನೆಯ ಸುತ್ತು. ಆಟಕ್ಕೂ ಬೇಡ."

ಊರಿಗೆ ಬೌಲರ್ ಸಿಕ್ಕನೇ ಎಂದು ಆಮೇಲೆ ಕೇಳಿದೆ. "ಸಿಕ್ಕಿದ್ದಾರೆ," ಎಂದರು ಅಮಲ್ದಾರರು, "ಅರ್ಧ."

ಕೊರಟಗೆರೆಯ ಜಮಖಾನ

ಅಭ್ಯಾಸಕ್ಕೆಂದು ಕೊರಟಗೆರೆಗೆ ಹೋದಾಗ ದಾರಿಯಲ್ಲಿ ಗಾಡಿಯ ಅಚ್ಚು ಮುರಿದು ಚಾಪೆ ಹಿಂದೆ ಉಳಿಯಿತು. ಪಕ್ಕದ ಛತ್ರದಲ್ಲಿ ಮದುವೆ. ಅಲ್ಲಿಂದ ಜಮಖಾನ ತಂದು ಹಾಸಿದರು. ಅರ್ಚಕರು ಎಷ್ಟು ತಿರುವಿದರೂ ಚೆಂಡು ನುಣುಪಾದ ಜಮಖಾನದ ಮೇಲೆ ಬೀಗರ ಹಾಗೆ ನೆಟ್ಟಗೆ ಜಾರಿಕೊಂಡು ಹೋಗುತ್ತಿತ್ತು. ಹಿಡಿಯುವ ನಾರಿಲ್ಲದೆ ಸುತ್ತು ಏನು ಮಾಡೀತು? ಕೊರಟಗೆರೆಯವರು ಬಾರಿಸಿದರು. ನನ್ನ ಚಾಪೆಯ ಬೆಲೆ ಅವತ್ತು ಎಲ್ಲರಿಗೂ ಗೊತ್ತಾಯಿತು.

ನಮ್ಮನ್ನು ಸೋಲಿನಿಂದ ಉಳಿಸಿದವರು ಗಂಡಿನ ಕಡೆಯವರು. ಕೂರಲು ಹಾಸಿಗೆಯಿಲ್ಲವೆಂದು ಮುನಿಸಿಕೊಂಡು ಬಂದವರೇ, ಬೌಲರ್ ಓಡಿ ಬರುತ್ತಿದ್ದ ಹಾಗೆ ಜಮಖಾನ ಸುತ್ತಿಕೊಂಡು ಹೋದರು. ಬ್ಯಾಟು ಹಿಡಿದಿದ್ದವನು ಹೆಣ್ಣಿನ ಕಡೆಯವನಂತೆ. ಅವನೇ ಒಂದು ತುದಿ ಹಿಡಿದುಕೊಂಡ.

ಪಾವಗಡದ ಪ್ರಸಾದ

ಮುಂದಿನ ಅಭ್ಯಾಸಕ್ಕೆ ಚಾಪೆ ಸಮೇತ ಪಾವಗಡಕ್ಕೆ ಹೋದೆವು. ಅಲ್ಲಿಯ ಬಿಸಿಲಿಗೆ ಅರ್ಚಕರ ಅಂಗೈ ಬೆವೆತು ಚೆಂಡು ಜಾರತೊಡಗಿತು. ಅವರು ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಬೆರಳಿಗೆ ಉಜ್ಜಿಕೊಂಡರು. ಹಿಡಿತ ಬಂತು, ಚೆಂಡು ಮತ್ತೆ ತಿರುಗಿತು.

ಎದುರಿಗಿದ್ದವನು ರಾಯಚರ್ಲು ಕಡೆಯ ಕಡಲೇಕಾಯಿ ರೈತ, ನಮ್ಮ ಮಂಡಿಗೂ ಬರುತ್ತಿದ್ದ ಭಕ್ತ. ಬ್ಯಾಟಿಗೆ ತಗುಲಿದ ಚೆಂಡು ಅವನ ಕಾಲಬಳಿಯೇ ನಿಂತಿತು. ಬಗ್ಗಿ ನೋಡಿದರೆ ಮೈತುಂಬ ವಿಭೂತಿ. ಅವನು ಬ್ಯಾಟು ಕೆಳಗಿಟ್ಟು, ಎರಡೂ ಕೈಯಲ್ಲಿ ಚೆಂಡನ್ನೆತ್ತಿ ಕಣ್ಣಿಗೂ ಹಣೆಗೂ ಒತ್ತಿಕೊಂಡ. ಬ್ಯಾಟು ಮಾಡುವವನು ಚೆಂಡು ಮುಟ್ಟಿದರೆ ಔಟು ಎಂದು ಅಮಲ್ದಾರರು ಕೈಯೆತ್ತಿ ಕೂಗಿದರು. ಅಂಪೈರೂ ಬೆರಳೆತ್ತಿದ.

ಬೇಜಾರಾಯಿತೇನಪ್ಪ ಎಂದು ಕೇಳಿದೆ. "ಬೇಜಾರು ಎಂದುಕು ಶೆಟ್ಟಿಗಾರು? ಪ್ರಸಾದ ಸಿಕ್ಕಿತಲ್ಲ," ಎಂದು ಹಣೆಯ ವಿಭೂತಿ ತೋರಿಸಿದ. ಅವನ ಹಿಂದೆ ಬಂದವನೂ ಚೆಂಡಿನ ಕಡೆ ಆಸೆಯಿಂದಲೇ ನೋಡುತ್ತಿದ್ದ.

ಶಿರಾದ ಸಾಹೇಬರು

ಕೊನೆಗೆ ಶಿರಾದವರು ಬಂದರು. ನಾನು ಮಂಡಿ ಬಾಗಿಲು ಹಾಕಿ ಕೆರೆಯಂಗಳಕ್ಕೆ ಹೋದೆ. ಹುಣಸೆಹಣ್ಣು ಇನ್ನೇನು ಮರದಿಂದ ಇಳಿಯಲಿದ್ದ ಕಾಲ. ಚಾಪೆಯಿಲ್ಲದಿದ್ದರೆ ಸರಕೆಲ್ಲ ಮಣ್ಣುಪಾಲು.

ಇನ್ಸ್‌ಪೆಕ್ಟರ್ ಸಾಹೇಬರು ನಮ್ಮ ಅರ್ಚಕರ ಗುಟ್ಟು ತಿಳಿದುಕೊಂಡೇ ಬಂದಿದ್ದರು. "ಮಾಲೂಮ್ ಹೈ, ಎಲ್ಲಾ ಒಳಗೇ ಬರ್ತದೆ" ಎನ್ನುತ್ತ ಕಾಲು ಮುಂದಿಟ್ಟು ಬಂದದ್ದನ್ನೆಲ್ಲ ಎಡಕ್ಕೆ ಬಾರಿಸಿದರು. ಅವರ ಕೊನೆಯ ಜೋಡಿ ಉಳಿದಿತ್ತು, ಗೆಲುವಿಗೆ ಇನ್ನೇನು ನಾಲ್ಕಾರು ಓಟ. ಗಾಡಿಯವನು ನನ್ನ ಪಕ್ಕ ಕೂತು, "ಚಾಪೆ ಶಿರಾಕ್ಕೋಯ್ತು ಕಣ್ಬುಡಿ ಶೆಟ್ರೇ" ಎಂದು ಆಗಲೇ ಹಗ್ಗ ಬಿಚ್ಚುತ್ತಿದ್ದ.

ಪಾನಕ ಕೊಡುವ ನೆಪದಲ್ಲಿ ಅರ್ಚಕರ ಬಳಿ ಹೋದೆ.

"ಆರತಿ ಎತ್ತೋವಾಗ ನಿಮ್ಮ ಕಡೆಯಿಂದ ಬಲಸುತ್ತು, ಸರಿ. ಎದುರಿಗೆ ಕೂತ ಈಶ್ವರನಿಗೆ ಅದು ಹೇಗೆ ಕಾಣ್ತದೆ?"

ಅವರು ಗಾಳಿಯಲ್ಲಿ ಕೈ ತಿರುಗಿಸಿ ಯೋಚಿಸಿದರು. "ಎಡಸುತ್ತು."

"ಹಾಗಾದರೆ ನೀವು ಎಡಕ್ಕೆ ತಿರುಗಿಸಿದರೆ ಎದುರಿನವರಿಗೆ ಬಲಸುತ್ತು. ಸಾಹೇಬರು ಊರಿಗೆ ಬಂದ ಅತಿಥಿ, ದೇವರ ಸಮಾನ. ಒಂದು ಸಲ ಅವರ ಲೆಕ್ಕದಲ್ಲಿ ಪ್ರದಕ್ಷಿಣೆ ಆಗಲಿ."

ಅರ್ಚಕರು ಪಾನಕ ಮುಗಿಸಿ ವಿಭೂತಿ ಉಜ್ಜಿಕೊಂಡರು. ಸಾಹೇಬರು ಎಂದಿನಂತೆ ಕಾಲು ಮುಂದಿಟ್ಟು ಬ್ಯಾಟು ಬೀಸಿದರು. ಚೆಂಡು ಕಾಲಬಳಿ ಬಿದ್ದು, ನಾರನ್ನು ಕಚ್ಚಿ, ಹೊರಕ್ಕೆ ಹೊರಳಿ ಆಚೆಯ ಕಡ್ಡಿಯನ್ನು ಕಿತ್ತುಹಾಕಿತು. ಬೀಸಿದ ರಭಸಕ್ಕೆ ಸಾಹೇಬರು ಒಂದು ಸುತ್ತು ಸುತ್ತಿ ಅರ್ಚಕರ ಕಡೆ ಮುಖಮಾಡಿ ನಿಂತರು.

"ಅರೆ ಪೂಜಾರಿಜೀ, ಇದು ಉಲ್ಟಾ ಬಂತಲ್ಲ?"

"ನಿಮ್ಮ ಕಡೆಯಿಂದ ನೋಡಿದರೆ ಸರಿಯಾಗೇ ಇದೆ ಸಾಹೇಬರೇ."

ಚಾಪೆ ಗಾಡಿಯೇರಿತು. ಮಂಡಿ ಮುಂದೆ ಬಂದು ನೋಡಿದರೆ ಅರ್ಚಕರು ಆಗಲೇ ಸ್ನಾನಮಾಡಿ ಒದ್ದೆ ಮಡಿಯಲ್ಲಿ ನಿಂತಿದ್ದರು, ಸುತ್ತ ಅರ್ಧ ಪೇಟೆ.

"ಶೆಟ್ರೇ, ನಿಮ್ಮ ಮಾತನ್ನ ಯೋಚನೆ ಮಾಡಿದೆ. ಸಾಹೇಬರು ದೇವರ ಸಮಾನ ಅಲ್ಲ. ಆಗಿದ್ದರೆ ಔಟಾಗ್ತಿರಲಿಲ್ಲ. ಅಂದಮೇಲೆ ನಾನು ಮಾಡಿದ್ದು ಅಪ್ರದಕ್ಷಿಣೆಯೇ. ಮಾಡಿಸಿದವರು ನೀವು. ಅದು ಯಾವುದರ ಮೇಲೆ ನಡೀತೋ ಅದನ್ನ ಈಶ್ವರನಿಗೆ ಒಪ್ಪಿಸಿಬಿಟ್ಟರೆ ಇಬ್ಬರ ದೋಷವೂ ಕಳೀತದೆ."

ಪೇಟೆಯೆಲ್ಲ ಹೌದು ಹೌದೆಂದಿತು. ಅಮಲ್ದಾರರೂ ತಲೆದೂಗಿದರು, ಅವರದೇನು ಹೋಗುತ್ತಿತ್ತು?

"ಶೆಟ್ರೇ, ಇಳುಸ್ಲಾ," ಎಂದ ಗಾಡಿಯವನು, "ಇಲ್ಲಾ ಅಂಗೇ ಗುಡಿತಾವ್ಕೆ ಹೊಡ್ಕೊಂಡೋಗ್ಲಾ?"

ಆ ವರ್ಷ ಹುಣಸೆಹಣ್ಣನ್ನು ಗೋಣಿತಾಟಿನ ಮೇಲೆ ಹರವಿದೆ. ಶಿರಾದವರೇ ಗೆದ್ದಿದ್ದರೆ ಮುಂದಿನ ವರ್ಷ ಆಡಿ ಚಾಪೆಯನ್ನು ವಾಪಸು ಗೆದ್ದುಕೊಳ್ಳಬಹುದಿತ್ತು. ಈಗ ಅದನ್ನು ಇಟ್ಟುಕೊಂಡಿರುವವನು ಕೆರೆಯಂಗಳಕ್ಕೆ ಇಳಿದು ಬಂದು ಆಡುವ ಪೈಕಿಯಲ್ಲ.