ಇವತ್ತು ಮಾತ್ರ ಡಬಲ್

ಲಿಂಗರಾಜಪುರದ ಕೆಂಪರಾಜನಿಗೆ ಆ ಭಾನುವಾರ ಶನಿ ಹೆಗಲೇರಿದ್ದು ಬೆಳಿಗ್ಗೆ ಒಂಬತ್ತಕ್ಕೆ, ಇಡ್ಲಿ ತಟ್ಟೆಯ ಪಕ್ಕದಲ್ಲಿಟ್ಟಿದ್ದ ಫೋನು ಟಿಣ್ ಎಂದಾಗ. ಅವನು ಹಗಲಿರುಳೂ ಆಡುವ 'ಸಿಕ್ಸರ್ ಸಾಮ್ರಾಜ್ಯ' ಎಂಬ ಕ್ರಿಕೆಟ್ ಗೇಮಿನವರು ಸಂದೇಶ ಕಳಿಸಿದ್ದರು. ಹೊಸದಾಗಿ ಸೇರಿ ಮೊದಲ ಸಲ ದುಡ್ಡು ಹಾಕುವವರಿಗೆ ಡಬಲ್ ಕಾಯಿನ್, ಜೊತೆಗೆ ಬೌಲರ್ ರಾಕೆಟ್ ರಂಗ ಉಚಿತ. ಇವತ್ತು ಮಾತ್ರ!

"ಗೆದ್ಬಿಟ್ಟೆ ಕಣೇ!" ಎಂದು ಕೂಗಿದ ಕೆಂಪರಾಜ್.

ಗೆಲ್ಲಬೇಕಾಗಿದ್ದುದು ಸಂಜೆ ಐದರ ಪಂದ್ಯ. ಎದುರಾಳಿ ಅವನದೇ ಮನೆಯ ಮಹಡಿಯ ಬಾಡಿಗೆದಾರ ಭೀಮೇಶ್. ಅವರ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಕೋಳಿ ಕೂಗುವ ಮೊದಲೇ. ಯಾರಾದರೂ ಎದ್ದು ವಾಲ್ವ್ ತಿರುಗಿಸಬೇಕು, ಮೋಟರ್ ಹಾಕಬೇಕು, ಟ್ಯಾಂಕ್ ತುಂಬುವವರೆಗೂ ಆಕಳಿಸುತ್ತ ಕಾಯಬೇಕು. ಎಂಟು ವರ್ಷದಿಂದ ಆ ಯಾರಾದರೂ ಎಂದರೆ ಕೆಂಪರಾಜನೇ. ಓನರ್ ಹಾಕಬೇಕೋ, ಬಾಡಿಗೆದಾರ ಹಾಕಬೇಕೋ ಎಂಬ ಜಗಳ ಬೆಳೆದು ಬೆಳೆದು, ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಗೇಮಿನಲ್ಲಿ ಸೋತವನು ಒಂದು ವರ್ಷ ಮೋಟರ್ ಹಾಕತಕ್ಕದ್ದು.

"ಗೇಮಿಗೆ ದುಡ್ಡು ಹಾಕೋದು ದಡ್ಡತನ ಅಲ್ಲ ಕಣೇ. ಯಾವಾಗ ಹಾಕ್ಬೇಕು ಅಂತ ಗೊತ್ತಿಲ್ದೇ ಇರೋದು ದಡ್ಡತನ" ಎಂದು ಹೆಂಡತಿ ರಮ್ಯಶ್ರೀಗೆ ಪಾಠ ಹೇಳಿದ. "ಆಫರ್ ಇಲ್ದಿದ್ದಾಗ ನಾನು ಒಂದು ಪೈಸೆ ಮುಟ್ಟಲ್ಲ."

"ಹೋದ ತಿಂಗಳು ಗೇಮಲ್ಲಿರೋ ಹನ್ನೊಂದು ಜನಕ್ಕೂ ಚಿನ್ನದ ಬೂಟು ಕೊಡ್ಸಿದ್ರಿ. ನನ್ನ ಚಪ್ಪಲಿ ಕಿತ್ತು ಆರು ತಿಂಗಳಾಯ್ತು."

"ಬೂಟಿಗೆ ಅರವತ್ತು ಪರ್ಸೆಂಟ್ ಡಿಸ್ಕೌಂಟ್ ಇತ್ತಲ್ಲ!"

ತೊಡಕು ಒಂದೇ. ಆಫರ್ ಹೊಸಬರಿಗೆ ಮಾತ್ರ. ಅಂದರೆ ಆ ಗೇಮನ್ನು ಎಂದೂ ಕಾಣದ ಫೋನ್ ನಂಬರು ಬೇಕು. ತನ್ನದು, ಹೆಂಡತಿಯದು, ತಾಯಿ ಅಣ್ಣಮ್ಮನದು, ಭಾಮೈದನದು ಎಲ್ಲವೂ ಹಿಂದಿನ ಆಫರುಗಳಿಗೆ ಬಲಿಯಾಗಿದ್ದವು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ತಾಹೇರಾಳ ಬಾಗಿಲು ತಟ್ಟಿದ.

"ಅಯ್ಯೋ ಅಣ್ಣಾ, ದಸರಾ ಟೈಮಲ್ಲೇ ಇಸ್ಕೊಂಡು ಹೋಗಿದ್ರಲ್ಲ!" ಎಂದಳು ತಾಹೇರಾ. "ಇವತ್ತಿಗೂ ದಿನಾ ಮೆಸೇಜ್ ಬರ್ತದೆ. ಕ್ಯಾಪ್ಟನ್ ತಾಹೇರಾ, ನಿಮ್ಮ ಹುಡುಗ್ರು ಕಾಯ್ತಾವ್ರೆ ಅಂತ. ಯಾವ ಹುಡುಗ್ರು ಅಂತ ನಮ್ಮನೆಯವ್ರು ನನ್ನ ಕೇಳ್ತಾರೆ!"

ಕೆಂಪರಾಜ್ ಕಾಲಿಗೆ ಬುದ್ಧಿ ಹೇಳಿದ. ಆಗ ಹೊಳೆಯಿತು, ಹಲಸೂರಿನ ಸೋದರಮಾವ ಮುನಿಆಂಜನಪ್ಪ! ಮಗಳು ಮೊನ್ನೆ ತಾನೇ ಫೋನು ಕೊಡಿಸಿದ್ದಳು. ಮಾವ ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. ಸ್ಕೂಟರಿನಲ್ಲಿ ಹಾರಿಹೋಗಿ ಕೇಳಿದ.

"ಕೊಡ್ತೀನಿ ಬಾರೋ ಕೆಂಪ. ಮೊದ್ಲು ನನ್ನ ರಸೆಲ್ ಮಾರ್ಕೆಟ್‌ಗೆ ಕರ್ಕೊಂಡೋಗು. ಆಮೇಲೆ, ಫೋನು ನನ್ನ ಕೈಯಲ್ಲೇ ಇರುತ್ತೆ."

ಮಾವ ಮಾರ್ಕೆಟ್ಟಿಗೆ ಹೋದರೆ ಮಾರ್ಕೆಟ್ಟೇ ನಡುಗುತ್ತಿತ್ತು. ಅರ್ಧ ಕೆಜಿ ಬೀನ್ಸಿಗೆ ಆರು ಅಂಗಡಿ ಸುತ್ತಿದರು. ಕೊಸರು ಹಾಕದವನ ತಕ್ಕಡಿಯನ್ನು ತಾವೇ ಒತ್ತಿ ಹಿಡಿದರು. ಎರಡು ಚೀಲ ಹೊತ್ತ ಕೆಂಪರಾಜ್ ಮಧ್ಯಾಹ್ನ ಒಂದೂವರೆಗೆ ಓವೈಸ್ ಎಂಬಾತನ ಹಣ್ಣಿನಂಗಡಿಯ ಮುಂದೆ ನಿಂತು, ಮಾವನ ಫೋನ್ ನಂಬರನ್ನು ತನ್ನ ಫೋನಿನ ಗೇಮಿಗೆ ಕೊಟ್ಟ. ಮಾವನ ಫೋನಿಗೆ ಓಟಿಪಿ ಬಂತು.

"ಮಾವ, ಆ ನಂಬರ್ ಹೇಳಿ."

ಮುನಿಆಂಜನಪ್ಪ ಫೋನನ್ನು ಎದೆಗೆ ಅವಚಿಕೊಂಡರು. "ಹೇಳಲ್ಲ!"

"ಮಾವ, ನಾನು ಕೆಂಪ!"

"ನೀನು ನಮ್ಮಪ್ಪ ಆಗಿದ್ರೂ ಹೇಳಲ್ಲ. ಯಾರಿಗೂ ಓಟಿಪಿ ಹೇಳ್ಬಾರ್ದು ಅಂತ ಟಿವಿಯಲ್ಲಿ ದಿನಾ ಬಡ್ಕೋತಾರೆ!"

ಟಿವಿ ನೋಡುವವರು ಮಾವ ಒಬ್ಬರೇ ಅಲ್ಲವಲ್ಲ. ಕ್ಷಣದಲ್ಲಿ ಜನ ಮುತ್ತಿದರು. ಓವೈಸ್ ಕಲ್ಲಂಗಡಿ ಕೆಳಗಿಟ್ಟು, ಕೆಂಪರಾಜನ ಕಾಲರ್ ಹಿಡಿದೇಬಿಟ್ಟ. "ಕ್ಯಾ ಭಾಯ್, ವಯಸ್ಸಾದೋರಿಗೆ ಟೋಪಿ ಹಾಕ್ತೀಯಾ? ಅಜ್ಜಾ, ಹೇಳ್ಬೇಡಿ! ನಮ್ಮ ಚಿಕ್ಕಪ್ಪಂದು ಮೂವತ್ತು ಸಾವಿರ ಹಿಂಗೇ ಹೋಯ್ತು!"

"ಅವರು ನಮ್ಮ ಮಾವ ರೀ!"

"ಎಲ್ರೂ ಹಂಗೇ ಹೇಳ್ತಾರೆ!" ಎಂದಳು ಹೂವಿನವಳು. "ಅಜ್ಜಾ, ಇವ್ನು ನಿಮಗೆ ಗೊತ್ತಾ?"

ಮುನಿಆಂಜನಪ್ಪ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗೊತ್ತು ತಾಯಿ. ಅದಕ್ಕೇ ಹೇಳ್ತಿಲ್ಲ" ಎಂದರು.

ಮಾನ ಮೂರು ಕಾಸಿಗೆ ಹೋಯಿತು. ಗೇಮನ್ನು ಮಾವನ ಫೋನಿನಲ್ಲೇ ಹಾಕಿ, ಓಟಿಪಿಯನ್ನು ಮಾವನೇ ಯಾರಿಗೂ ಕಾಣದಂತೆ ಟವೆಲ್ ಮರೆಮಾಡಿ ಒತ್ತುವುದೆಂದು ಓವೈಸನ ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಮೂರು ಸಲ ತಪ್ಪು ಒತ್ತಿ ನಾಲ್ಕನೇ ಸಲಕ್ಕೆ ಸರಿಯಾಯಿತು. ಕೆಂಪರಾಜ್ ಎಂಟುನೂರು ರೂಪಾಯಿ ಹಾಕಿದ. ಕಾಯಿನ್ ಜಣಜಣ ಡಬಲ್ ಆದವು. ಮೀಸೆ ತಿರುವುತ್ತ ರಾಕೆಟ್ ರಂಗ ಪರದೆಯ ಮೇಲೆ ಬಂದು ನಿಂತ. ಕೆಂಪರಾಜನ ಕಣ್ಣಲ್ಲಿ ನೀರು ಬಂತು.

ಐದಕ್ಕೆ ಮನೆಯ ಮುಂದೆ ಕುರ್ಚಿ ಹಾಕಿ ಬೀದಿಯೆಲ್ಲ ಸೇರಿತ್ತು. ಫೋನು ಬಿಟ್ಟಿರಲಾರದ ಮಾವ ಪಕ್ಕದಲ್ಲೇ ಕೂತರು. ಭೀಮೇಶ್ ತಣ್ಣಗೆ ಮೆಟ್ಟಿಲಿಳಿದು ಬಂದ. ಹಿಂದೆ ಅವನ ಹೆಂಡತಿ ನಂದಿತಾ.

ರಂಗ ಬೌಲರ್ ಅಲ್ಲ, ಮಾರಿ! ಚೆಂಡು ಕಣ್ಣಿಗೇ ಕಾಣುತ್ತಿರಲಿಲ್ಲ. ಭೀಮೇಶನ ವಿಕೆಟ್‌ಗಳು ಪಟಪಟ ಉದುರಿದವು. ಕೆಂಪರಾಜ್ ಗೆಲ್ಲಲು ಎರಡೇ ರನ್ ಇರುವಾಗ ಮಾವನ ಹೆಂಡತಿ ಮಂಜುಳಮ್ಮನ ಫೋನು ಬಂತು. ಮಾವ ಗೇಮಿನ ಮೇಲೆಯೇ ಫೋನೆತ್ತಿ, ಕೊತ್ತಂಬರಿ ತಂದಾಯಿತೆಂದು ಹೇಳಿ ಇಡುವಷ್ಟರಲ್ಲಿ ಎರಡು ವಿಕೆಟ್ ಹೋಗಿತ್ತು. ಆದರೂ ಕೊನೆಯ ಎಸೆತಕ್ಕೆ ಬೌಂಡರಿ! ಕೆಂಪರಾಜ್ ಗೆದ್ದ. ಎಂಟು ವರ್ಷದ ನಿದ್ದೆ ಒಮ್ಮೆಲೇ ವಾಪಸ್ ಬಂದಷ್ಟು ಸಂತೋಷವಾಗಿ ಮಾವನನ್ನೇ ಎತ್ತಿ ಕುಣಿಸಿದ.

"ಏನ್ರೀ ಭೀಮೇಶ್, ನಾಳೆಯಿಂದ ಮೋಟರ್ ನಿಮ್ದು!"

"ಮಾತು ಅಂದ್ರೆ ಮಾತು ಸಾರ್, ಹಾಕ್ತೀನಿ" ಎಂದ ಭೀಮೇಶ್. ಕುರ್ಚಿ ಹತ್ತಿರ ಎಳೆದುಕೊಂಡು, "ಇನ್ನೊಂದು ಆಟ ಆಡೋಣ್ವಾ? ಗೆದ್ರೆ ನಿಮಗೆ ಡಬಲ್. ಎರಡು ವರ್ಷ ನಾನೇ ಮೋಟರ್ ಹಾಕ್ತೀನಿ, ಮೇಲೆ ಟ್ಯಾಂಕ್ ತೊಳೆಯೋದು ಬೋನಸ್. ಸೋತ್ರೆ ಅಷ್ಟೂ ನಿಮ್ದು. ಇವತ್ತು ಮಾತ್ರ ಸಾರ್, ಹತ್ತೇ ನಿಮಿಷ" ಎಂದ.

"ಗೆದ್ದಾಯ್ತಲ್ಲ, ಸುಮ್ನೆ ಎದ್ದು ಒಳಗೆ ಬನ್ನಿ" ಎಂದು ರಮ್ಯಶ್ರೀ ತೋಳು ಹಿಡಿದು ಎಳೆದಳು.

ಡಬಲ್! ಬೋನಸ್! ಇವತ್ತು ಮಾತ್ರ! ಕೆಂಪರಾಜನ ಕಿವಿಗೆ ಬೇರೇನೂ ಬೀಳಲಿಲ್ಲ. "ಬಿಡೇ! ಬೋನಸ್ ಬಿಟ್ಟು ಎದ್ದೋನು ನಮ್ಮ ವಂಶದಲ್ಲೇ ಇಲ್ಲ" ಎಂದು ಬಟನ್ ಒತ್ತಿದ.

ತಂಡ ಬಂತು. ರಂಗ ನಿಲ್ಲುತ್ತಿದ್ದ ಜಾಗ ಖಾಲಿ. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು: ಉಚಿತ ಆಟಗಾರರು ಒಂದು ಪಂದ್ಯಕ್ಕೆ ಮಾತ್ರ.

ಕೆಂಪರಾಜ್ ಹನ್ನೊಂದು ರನ್ನಿಗೆ ಆಲೌಟ್ ಆದ.

"ನಿಮಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು ಸಾರ್. ಹೋದ ಭಾನುವಾರಾನೂ ಇದೇ ಆಫರ್ ಇತ್ತು, ಇವಳ ಫೋನಲ್ಲಿ ನಾನೂ ಹಾಕಿದ್ದೆ. ರಂಗ ಇದ್ದಾಗ ಗೆಲ್ಲೋಕಾಗಲ್ಲ, ಅದಕ್ಕೇ ಮೊದಲನೇದು ನಿಮಗೇ ಬಿಟ್ಟೆ."

ಅಷ್ಟರಲ್ಲಿ ನಂದಿತಾ ಮೇಲೆ ಹೋಗಿ, ಉದ್ದ ಹಿಡಿಯ ಎರಡು ಹೊಸ ಬ್ರಷ್ ತಂದು ಕೆಂಪರಾಜನ ಮಡಿಲಿಗಿಟ್ಟಳು.

"ಟ್ಯಾಂಕ್ ತೊಳೆಯೋಕೆ ಅಂತ ಮೊನ್ನೆನೇ ತಂದಿಟ್ಟಿದ್ದೆ ಅಣ್ಣಾ. ಒಂದು ತಗೊಂಡ್ರೆ ಒಂದು ಫ್ರೀ ಇತ್ತು, ಎರಡೂ ನೀವೇ ಇಟ್ಕೊಳ್ಳಿ."