ಕೌದಿಯಲ್ಲಿ ಕಾಲು ಯಾವ ಕಡೆ?

ಕೌದಿ ಇರೋದು ಹೊದ್ದುಕೊಳ್ಳೋದಕ್ಕೆ. ಇಷ್ಟು ಸಣ್ಣ ವಿಷಯವನ್ನು ನಮ್ಮ ಜನರ ತಲೆಗೆ ತುಂಬೋದರಲ್ಲೇ ನನ್ನ ಅರ್ಧ ಆಯಸ್ಸು ಮುಗಿಯಿತು. ಆದರೂ ಆರು ತಿಂಗಳಿಗೊಂದಾದರೂ ಇಂಥ ಪ್ರಸಂಗ ನಡೆಯದೆ ಬಿಡೋದಿಲ್ಲ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸು, ಲಂಗದ ಜೊತೆಗೆ ಚಿತ್ರದ ಕೌದಿ ಮಾಡುತ್ತೇನೆ. ಮನೆಯವರ ಹಳೇ ಸೀರೆ, ಅಂಗಿ ತಂದುಕೊಟ್ಟರೆ ಅದೇ ಬಟ್ಟೆಯಲ್ಲಿ ಅಜ್ಜನ ಮುಖವೋ, ಸಾಕಿದ ನಾಯಿಯೋ, ಅಂಗಳದ ಸಂಪಿಗೆ ಮರವೋ ಬರೋ ಹಾಗೆ ತುಂಡು ಜೋಡಿಸಿ, ಕೈಯಲ್ಲೇ ಹೊಲಿದು ಕೊಡುತ್ತೇನೆ. ಒಂದೊಂದಕ್ಕೂ ಎರಡು ಮೂರು ತಿಂಗಳು ಬೆನ್ನು ಮುರಿಯಬೇಕು. ತಗೊಂಡು ಹೋದವರು ಅದನ್ನು ಏನು ಮಾಡುತ್ತಾರೆ ಅಂತ ಕೇಳಿದರೆ ನಿಮಗೆ ನಗು ಬರುತ್ತದೆ. ನನಗೆ ಮೈ ಉರಿಯುತ್ತದೆ.

ಊರವರ ಕಥೆ ಹಾಳಾಗಲಿ, ನಮ್ಮಮ್ಮನದೂ ಅದೇ ಕಥೆ. ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಬದುಕಿದ್ದೇ ಹೆಚ್ಚು. ಚಳಿ ತಾಗಬಾರದು, ಇನ್ನೊಂದು ಸಲ ಬಂದರೆ ತಡೆಯೋದು ಕಷ್ಟ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅವಳಿಗೆಂದೇ, ತೀರಿಹೋದ ನಮ್ಮಪ್ಪನ ಅಂಗಿಗಳಲ್ಲಿ ಅಪ್ಪನದೇ ಚಿತ್ರ ಇರೋ ದಪ್ಪ ಕೌದಿ ಹೊಲಿದೆ. ಅವಳು ಅದನ್ನು ಮಡಚಿ ದೇವರ ಗೂಡಿನ ಪಕ್ಕ ಇಟ್ಟು, ತೆಳ್ಳನೆ ಬೆಡ್‌ಶೀಟು ಹೊದ್ದು ಕೆಮ್ಮುತ್ತಾ ಮಲಗಿದಳು.

ಗೋಡೆ ಮೇಲಿನ ಮಾವನವರು

ಆಲ್ದೂರಿನ ಹತ್ತಿರದ ಎಸ್ಟೇಟಿನ ಸೊಸೆಯೊಬ್ಬರು ಮಾವನವರ ಹುಟ್ಟುಹಬ್ಬಕ್ಕೆ ಅವರದೇ ಮುಖದ ಕೌದಿ ಹೊಲಿಸಿದರು. ಮೀಸೆಯೊಂದಕ್ಕೇ ನನಗೆ ನಾಲ್ಕು ದಿನ ಹಿಡಿಯಿತು. ಆಮೇಲೊಂದು ದಿನ ಬ್ಲೌಸಿನ ಅಳತೆಗೆಂದು ಅವರ ಮನೆಗೆ ಹೋದರೆ ಕೌದಿ ಹಾಲಿನ ಗೋಡೆ ಮೇಲೆ, ಗಾಜಿನ ಫ್ರೇಮಿನೊಳಗೆ! ಹೊದ್ದುಕೊಂಡರೆ ಮಾವನವರ ಮುಖಕ್ಕೆ ಕಾಲು ತಾಗುತ್ತದಂತೆ. ಸಾಲದ್ದಕ್ಕೆ ಮನೆಕೆಲಸದವಳು, ಗೋಡೆ ಮೇಲೆ ಹಿರಿಯರನ್ನು ಹಾಕಿದ್ದಾರೆ ಅಂದಮೇಲೆ ಹೀಗೇ ಮಾಡಬೇಕು ಅಂದುಕೊಂಡು, ಗಂಧದ ಹಾರ ಹಾಕಿ ಊದುಬತ್ತಿ ಬೇರೆ ಹಚ್ಚಿದ್ದಳು. ಮಾವನವರು ಅದರ ಕೆಳಗೇ ಸೋಫಾದಲ್ಲಿ ಕಲ್ಲುಗುಂಡಿನ ಹಾಗೆ ಕೂತು ಕಾಫಿ ಕುಡಿಯುತ್ತಿದ್ದರು.

ನಾನು ಹಲ್ಲು ಕಚ್ಚಿಕೊಂಡು, ಅದನ್ನು ಇಳಿಸಿ ಹೊದ್ದುಕೊಳ್ಳಿ ಸರ್ ಅಂದೆ.

"ಈಗ ಇಳಿಸೋ ಹಂಗಿಲ್ಲಮ್ಮ" ಅಂದರು. "ನಿನ್ನೆ ಬಂದೋರೊಬ್ರು ಅದಕ್ಕೆ ಕೈ ಮುಗಿದು, ನನ್ನನ್ನ ನನ್ನ ತಮ್ಮ ಅಂದ್ಕೊಂಡು, ಅಣ್ಣ ಯಾವಾಗ ಹೋದ್ರು ಅಂತ ಕೇಳಿದ್ರು. ಪಾಪ, ಅವರಿಗ್ಯಾಕೆ ಮುಜುಗರ ಅಂತ ಮೊನ್ನೆ ಅಂದ್ಬಿಟ್ಟೆ."

ಮಂಜಿನಲ್ಲಿ ಆನೆ

ಕಳಸದ ದಾರಿಯಲ್ಲಿ ಹೋಂಸ್ಟೇ ಇಟ್ಟವರೊಬ್ಬರು ಡಬಲ್ ಕಾಟ್ ಅಗಲಕ್ಕೆ ಆನೆ ಬೇಕು ಅಂದರು. ಬೂದು ಬಣ್ಣದ ಪ್ಯಾಂಟುಗಳಿಗಾಗಿ ನಾನು ಊರೆಲ್ಲ ಅಲೆದೆ. ಕೌದಿ ಕೈಗೆ ಸಿಕ್ಕಿದ ಮೇಲೆ ಅವರಿಗೆ ಜ್ಞಾನೋದಯವಾಯಿತು. ಆನೆ ಅಂದರೆ ಗಣಪತಿಯಲ್ಲವೇ, ಅತಿಥಿಗಳ ಕಾಲು ತಾಗಿದರೆ? ಬಂದವರು ಫೋಟೋ ತೆಗೆದುಕೊಳ್ಳಲಿ ಅಂತ ಅದನ್ನು ಕಾಫಿ ಕಣದ ತುದಿಯಲ್ಲಿ ತಂತಿಗೆ ನೇತುಹಾಕಿದರು.

ಮಾರನೇ ಬೆಳಿಗ್ಗೆ ದಟ್ಟ ಮಂಜು. ಪಕ್ಕದ ಎಸ್ಟೇಟಿನ ಮೇಸ್ತ್ರಿ ಕಾಫಿ ಹಣ್ಣು ಕೊಯ್ಯೋ ಹೆಂಗಸರನ್ನು ಕರೆದುಕೊಂಡು ಬರುತ್ತಾ ಬೇಲಿಯಾಚೆ ನೋಡುತ್ತಾನೆ, ಆನೆ ಕಿವಿ ಅಲ್ಲಾಡಿಸುತ್ತಿದೆ. ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಿತ್ತು. ಶಾಲೆ ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಅರಣ್ಯ ಇಲಾಖೆಯವರು ಜೀಪಿನಲ್ಲಿ ಬಂದು ಪಟಾಕಿ ಹೊಡೆದರು. ಆನೆ ಜಗ್ಗಲಿಲ್ಲ. ಒಂಬತ್ತೂವರೆಗೆ ಬಿಸಿಲು ಬಂದ ಮೇಲೆ ನೋಡಿದರೆ ನನ್ನ ಎರಡು ತಿಂಗಳ ಕೆಲಸಕ್ಕೆ ಪಟಾಕಿ ಕಿಡಿ ಹಾರಿ ತೂತು.

ತೇಪೆ ಹಾಕಿಕೊಡಿ ಅಂತ ನನ್ನನ್ನೇ ಕರೆಸಿದರು! ನಾನು ರೇಗಾಡಿಕೊಂಡು ಹೊರಗೆ ಬಂದರೆ ಅವತ್ತು ಕೆಲಸಕ್ಕೆ ರಜೆ ಸಿಕ್ಕಿದ್ದ ಹೆಂಗಸರು ನಗುತ್ತಾ ನಿಂತಿದ್ದರು. ಅವರಲ್ಲೊಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಕ್ಕ, ನಾವೆಲ್ಲ ಬಟ್ಟೆ ಕೊಡ್ತೀವಿ. ಒಂದು ಹುಲಿ ಹೊಲ್ದು ಕೊಡ್ತೀರಾ?"

ಗೌರಿ ಮತ್ತು ಮೇಷ್ಟ್ರು

ಇನ್ನೊಬ್ಬರು ರಿಟೈರ್ಡ್ ಮೇಷ್ಟ್ರು. ಸತ್ತುಹೋದ ಹಸು ಗೌರಿಯ ನೆನಪಿಗೆ ಕೌದಿ ಮಾಡಿಸಿ, ಎಂಟು ದಿನಕ್ಕೆ ವಾಪಸು ತಂದರು. ಗೌರಿಯ ಮುಖದ ಕಡೆ ಕಾಲು ಚಾಚೋ ಹಾಗಿಲ್ಲ. ಬಾಲದ ಕಡೆ ಚಾಚೋಣ ಅಂದರೆ ಅಲ್ಲಿ ಲಕ್ಷ್ಮಿ ಇರುತ್ತಾಳೆ ಅಂತ ಹೆಂಡತಿ ಬಿಡೋದಿಲ್ಲ. "ಹಾಗಾದ್ರೆ ಕಾಲು ಮಡಚ್ಕೊಂಡು ಮಲಗಿ ಮೇಷ್ಟ್ರೆ" ಅಂದೆ, ಸಿಟ್ಟಲ್ಲೇ. ಮಲಗಿ ನೋಡಿದರಂತೆ, ಮಂಡಿ ಹಿಡಿದುಕೊಂಡಿತಂತೆ.

ಹೋದ ವಾರ ಅವರ ಮನೆ ಮುಂದೆ ಹಾದುಹೋಗುವಾಗ ಕೊಟ್ಟಿಗೆಯಲ್ಲಿ ಗೌರಿಯ ಕರು ನನ್ನ ಕೌದಿ ಹೊದ್ದು ಮೆಲುಕು ಹಾಕುತ್ತಿತ್ತು. ಮಗಳಿಗಾದರೆ ದೋಷ ಇಲ್ಲವಂತೆ. ಇಡೀ ತಾಲ್ಲೂಕಿನಲ್ಲಿ ನನ್ನ ಮಾತಿನಂತೆ ನಡೆದುಕೊಂಡಿದ್ದು ಆ ಕರು ಒಂದೇ.

ಅಪ್ಪ

ಇನ್ನು ನಮ್ಮಮ್ಮ. ಎಸ್ಟೇಟ್ ಜೀಪು ಓಡಿಸುತ್ತಿದ್ದ ಅಪ್ಪನ ಖಾಕಿ ಅಂಗಿಗಳನ್ನು ಕತ್ತರಿಸಿ ಹೊಲಿದ ಕೌದಿ ಅದು. ಅಪ್ಪ ತಲೆಯಿಂದ ತೆಗೆಯದೇ ಇದ್ದ ಮಂಕಿ ಕ್ಯಾಪನ್ನೇ ಚಿತ್ರದ ತಲೆಗೂ ಕೂರಿಸಿದ್ದೆ. ಅದನ್ನು ಕತ್ತರಿಸೋವಾಗ ನಾನು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೊದ್ದುಕೋ ಅಂತ ಬೇಡಿಕೊಂಡೆ, ಗದರಿದೆ. "ನಿಮ್ಮಪ್ಪನ ಮೇಲೆ ಕಾಲು ಹಾಕ್ಲಾ ನಾನು? ಎಂತ ಹೇಳ್ತೀಯ ಮಾರಾಯ್ತಿ?" ಅಂದಳು. ಮುಖ ಎದೆ ಮೇಲೆ ಬರೋ ಹಾಗೆ ಹೊದ್ದುಕೋ ಅಂದರೆ, ನಿದ್ದೆಯಲ್ಲಿ ಹೊರಳಿದರೆ ಏನು ಗತಿ ಅಂತ ನನಗೇ ತಿರುಗಿ ಕೇಳಿದಳು.

ಮೊನ್ನೆ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ನನಗೇ ಬೈದರು, "ಮನೇಲಿ ಒಂದು ಬೆಚ್ಚಗಿನ ಹೊದಿಕೆ ಇಲ್ವೇನಮ್ಮ?" ಅಂತ. ನನಗೆ! ಕೌದಿ ಹೊಲಿಯೋಳಿಗೆ! ಪಿತ್ತ ನೆತ್ತಿಗೇರಿತು. ಮನೆಗೆ ಬಂದವಳೇ ದೇವರ ಗೂಡಿನ ಪಕ್ಕದಿಂದ ಕೌದಿ ಎಳೆದು, ಕತ್ತರಿ ತಗೊಂಡು ಅಮ್ಮನ ಮುಂದೆ ಕೂತೆ.

"ಅಪ್ಪನ ಮುಖ ತಾನೇ ಅಡ್ಡ ಇರೋದು? ಬಿಚ್ಚಿ ಎಸೀತೀನಿ. ಬರೀ ಅಂಗಿ ಹೊದ್ಕೋ" ಅಂದೆ. ಅಂದದ್ದಷ್ಟೇ ಅಲ್ಲ, ಮಂಕಿ ಕ್ಯಾಪಿನ ಹತ್ತಿರ ಎರಡು ಹೊಲಿಗೆ ಕತ್ತರಿಸಿಯೂಬಿಟ್ಟೆ.

ಜ್ವರದಲ್ಲಿ ಏಳೋದಕ್ಕೂ ಆಗದೇ ಇದ್ದವಳು ಅದೆಲ್ಲಿಂದ ಶಕ್ತಿ ಬಂತೋ, ಎದ್ದು ನನ್ನ ಕೈಯಿಂದ ಕೌದಿ ಕಿತ್ತುಕೊಂಡಳು. ತಲೆಯಿಂದ ಕಾಲಿನವರೆಗೆ ಎರಡು ಸುತ್ತು ಸುತ್ತಿಕೊಂಡು, ಅಂಚನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಊಟಕ್ಕೆ ಕರೆದರೂ ಬಿಡಲಿಲ್ಲ, ಒಳಗಿದ್ದುಕೊಂಡೇ ಗಂಜಿ ಕುಡಿದಳು. ನಾನೆಲ್ಲಿ ಕತ್ತರಿ ಹಾಕುತ್ತೇನೋ ಅನ್ನೋ ಭಯ.

ಬೆಳಿಗ್ಗೆ ಕಾಫಿ ತಗೊಂಡು ಹೋದೆ. ಹಣೆ ಮುಟ್ಟಿದರೆ ಜ್ವರ ಇಳಿದಿತ್ತು. ಕೌದಿಯೊಳಗೇ ಇದ್ದಳು, ಆದರೆ ಒಂದು ಪಾದ ಹೊರಗೆ ಬಂದು ಸರಿಯಾಗಿ ಅಪ್ಪನ ಮಂಕಿ ಕ್ಯಾಪಿನ ಮೇಲೇ ಕೂತಿತ್ತು. ಅಮ್ಮ ಕಣ್ಣು ಬಿಟ್ಟು, ನಾನು ನೋಡುತ್ತಿದ್ದ ಕಡೆ ನೋಡಿ, ಕಾಲು ಹಿಂದಕ್ಕೆ ಎಳೆದುಕೊಂಡಳು. ಅಪ್ಪನ ಮುಖ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಮತ್ತೆ ಕೌದಿಯನ್ನು ಕುತ್ತಿಗೆವರೆಗೆ ಎಳೆದುಕೊಂಡು ಹೇಳಿದಳು:

"ನಲವತ್ತು ವರ್ಷ ನಿಮ್ಮಪ್ಪ ಹೊದಿಕೆಯೆಲ್ಲ ತಮ್ಮ ಕಡೆಗೇ ಎಳ್ಕೊಂಡು ನನ್ನ ಚಳೀಲಿ ಮಲಗಿಸಿದಾರೆ. ಈಗ ಅವರನ್ನೇ ನಾನು ಎಳ್ಕೊಂಡಿದೀನಿ. ಕಾಫಿ ಅಲ್ಲಿಡು, ಇನ್ನೊಂದು ಚೂರು ಮಲಗ್ತೀನಿ."